ಎಣ್ಣೆ ತೊಟ್ಟಿಯ ಕಂಪ್ಯೂಟರ್: ಕಾರವಾರದ ಬರಹಗಾರರಿಗೆ ಒಂದು ಉತ್ತರ

ನಮಸ್ಕಾರ,

ನಿಮ್ಮ ‘ಮುಳುಗಿದರೂ ಸಾಯದ ಕಂಪ್ಯೂಟರ್’ ಲೇಖನ ಓದಿದೆ. ಈಗಿರುವ ರೂಪದಲ್ಲಿ ನಮ್ಮ ಪತ್ರಿಕೆಯಲ್ಲಿ ಹಾಕುವುದಿಲ್ಲ. ಬಿಟ್ಟುಬಿಡಿ ಅಂತಲೂ ಹೇಳುತ್ತಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಕಂಪ್ಯೂಟರನ್ನು ಎಣ್ಣೆಯಲ್ಲಿ ಮುಳುಗಿಸಿ ತಂಪಾಗಿಡಲು, ಕಾರವಾರದ ಕೋಡಿಬಾಗದ ಮನೆಯಲ್ಲಿ ಹಳೆಯ ಮೀನಿನ ತೊಟ್ಟಿಗೆ 30 ಲೀಟರ್ ಲಿಕ್ವಿಡ್ ಪ್ಯಾರಫಿನ್ (ಬಣ್ಣವಿಲ್ಲದ ಖನಿಜ ಎಣ್ಣೆ) ಸುರಿದು, ಮದರ್‌ಬೋರ್ಡ್, ಗ್ರಾಫಿಕ್ಸ್ ಕಾರ್ಡ್, ಕರೆಂಟ್ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ಎಲ್ಲವನ್ನೂ ಅದರೊಳಗೆ ಇಳಿಸಿ, ಗೇಮ್ ಆಡಿ ನೋಡಿದ್ದೀರಿ. ಇಂಥದ್ದನ್ನು ಮಾಡಿ ನೋಡಿದವರು ನಮ್ಮ ಕಡೆ ಎಷ್ಟು ಜನ ಸಿಕ್ಕಾರು ಹೇಳಿ. ಆದರೆ ಲೇಖನದಲ್ಲಿ ನಿಮ್ಮ ತೊಟ್ಟಿ ಕಾಣುವುದೇ ಆರನೇ ಪುಟದಲ್ಲಿ. ಅದಕ್ಕೂ ಮುಂಚೆ ‘ಇಂದಿನ ವೇಗದ ಯುಗದಲ್ಲಿ’ ಅಂತ ಶುರುವಾಗಿ, ಸೂಪರ್ ಕಂಪ್ಯೂಟರ್, ಡೇಟಾ ಸೆಂಟರ್, ಭವಿಷ್ಯದ ಭಾರತ ಎಲ್ಲ ಬಂದು ಹೋಗುತ್ತವೆ. ಆ ಐದು ಪುಟ ಯಾರು ಬೇಕಾದರೂ ಬರೆಯಬಹುದು ಮಾರಾಯ್ರೇ. ಆರನೇ ಪುಟ ಬರೆಯಲು ನೀವೇ ಬೇಕು.

ಮೊದಲು ಅಪಾಯದ ಮಾತು. ‘ಕರೆಂಟ್ ಹಾಯದ ಯಾವ ಎಣ್ಣೆಯಾದರೂ ನಡೆಯುತ್ತದೆ’ ಎಂದು ಬರೆದಿದ್ದೀರಿ. ಈ ವಾಕ್ಯ ಇದ್ದರೆ ಲೇಖನ ನಮ್ಮಲ್ಲಿ ಬರುವುದೇ ಇಲ್ಲ. ನಿಮ್ಮೂರಲ್ಲಿ ದೋಣಿ ಇರುವ ಮನೆಗಳಲ್ಲಿ ಸೀಮೆಎಣ್ಣೆ ಕ್ಯಾನು ಮೂಲೆಯಲ್ಲೇ ಇರುತ್ತದೆ, ಅಲ್ವಾ? ಸೀಮೆಎಣ್ಣೆಗೂ ಕರೆಂಟ್ ಹಾಯುವುದಿಲ್ಲ. ಆದರೆ 40 ಡಿಗ್ರಿ ಆಸುಪಾಸಿಗೆ ಬಿಸಿಯಾದರೆ ಅದರಿಂದ ಏಳುವ ಆವಿಗೆ ಒಂದು ಕಿಡಿ ತಾಗಿದರೂ ಹೊತ್ತಿಕೊಳ್ಳುತ್ತದೆ. ಕೆಲಸ ಜಾಸ್ತಿಯಾದಾಗ ಪ್ರೊಸೆಸರ್ 60 ಡಿಗ್ರಿ ದಾಟುವುದು ಮಾಮೂಲಿ. ನಿಮ್ಮ ಲೇಖನ ಓದಿದ ಹೈಸ್ಕೂಲು ಹುಡುಗನೊಬ್ಬ ದುಬಾರಿ ಎಣ್ಣೆ ಯಾಕೆ, ಮನೆಯಲ್ಲಿದ್ದದ್ದೇ ಸಾಕು ಅಂದುಕೊಂಡರೆ ಏನಾಗಬಹುದು ಯೋಚಿಸಿ. ಎಸ್‌ಎಂಪಿಎಸ್ ವಿಷಯವೂ ಅಷ್ಟೇ. ಅದರೊಳಗೆ 230 ವೋಲ್ಟ್ ಎಸಿ ಹೋಗಿ 300ಕ್ಕಿಂತ ಜಾಸ್ತಿ ವೋಲ್ಟಿನ ಡಿಸಿ ಆಗುತ್ತದೆ, ಪ್ಲಗ್ ಕಿತ್ತ ಮೇಲೂ ಕರೆಂಟ್ ಹಿಡಿದಿಡುವ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ, ಮುಟ್ಟಿದರೆ ಶಾಕ್ ಹೊಡೆಯುತ್ತದೆ. ‘ಮುಚ್ಚಳ ಬಿಚ್ಚಿದರೆ ಎಣ್ಣೆ ಚೆನ್ನಾಗಿ ಒಳಗೆ ಹೋಗುತ್ತದೆ’ ಅನ್ನುವ ಸಲಹೆಯನ್ನು ಹೊಡೆದುಹಾಕಿದ್ದೇನೆ.

ಡಿಸ್ಟಿಲ್ಡ್ ವಾಟರ್ ಕೂಡ ಆಗುತ್ತದೆ ಎಂದಿದ್ದೀರಿ. ಬಾಟಲಿಯಲ್ಲಿ ಇರುವವರೆಗೆ ಮಾತ್ರ. ಲೋಹಕ್ಕೆ, ಬೆಸುಗೆಗೆ, ಧೂಳಿಗೆ ತಾಗಿದ ಮೇಲೆ ಅದರಲ್ಲಿ ಲವಣ ಕರಗುತ್ತದೆ, ಕರೆಂಟ್ ಹಾಯತೊಡಗುತ್ತದೆ, ಬೋರ್ಡ್ ಹೋಗುತ್ತದೆ. ‘ಎಲ್ಲಾ ಭಾಗಗಳನ್ನೂ ಮುಳುಗಿಸಬಹುದು’ ಅನ್ನುವುದೂ ತಪ್ಪು. ಮಾಮೂಲಿ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಉಸಿರಾಟಕ್ಕೆ ಸಣ್ಣ ತೂತು ಇರುತ್ತದೆ, ಒಳಗೆ ಮಾಹಿತಿ ಓದುವ ಹೆಡ್ ತೆಳುವಾದ ಗಾಳಿಯ ಪದರದ ಮೇಲೆ ತೇಲುತ್ತಿರುತ್ತದೆ. ಅಲ್ಲಿಗೆ ಎಣ್ಣೆ ಹೊಕ್ಕರೆ ಮುಗಿಯಿತು. ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಗೆ ಆ ತೊಂದರೆ ಇಲ್ಲ. ನೀವು ಕಳಿಸಿದ ಫೋಟೋದಲ್ಲಿ ಹಾರ್ಡ್ ಡಿಸ್ಕನ್ನು ತೊಟ್ಟಿಯ ಹೊರಗೆ ದಾರ ಕಟ್ಟಿ ತೂಗುಹಾಕಿದ್ದೀರಿ. ಅಂದರೆ ನಿಮಗೆ ಗೊತ್ತಿದೆ! ಗೊತ್ತಿದ್ದೂ ಬರೆಯುವಾಗ ಎಲ್ಲಿಂದಲೋ ಓದಿದ ವಾಕ್ಯವನ್ನೇ ಇಳಿಸಿದ್ದೀರಿ. ನನ್ನ ತಕರಾರು ಪೂರ್ತಿ ಇದೇ.

ಈಗ ಬಿಸಿಯ ಲೆಕ್ಕ. ‘ಎಣ್ಣೆಯಲ್ಲಿ ಶಾಖ ಮಾಯವಾಗುತ್ತದೆ’ ಅಂತ ಎರಡು ಕಡೆ ಬರೆದಿದ್ದೀರಿ. ಎಲ್ಲಿಗೆ ಹೋಗುತ್ತದೆ? ನಿಮ್ಮ 30 ಲೀಟರ್ ಎಣ್ಣೆ ಸುಮಾರು 25 ಕೆಜಿ ತೂಗುತ್ತದೆ. ಒಂದು ಕೆಜಿಯನ್ನು ಒಂದು ಡಿಗ್ರಿ ಬಿಸಿ ಮಾಡಲು 1.9 ಕಿಲೋಜೌಲ್ ಅಂತ ಹಿಡಿದರೆ, ಇಡೀ ತೊಟ್ಟಿಗೆ ಡಿಗ್ರಿಗೆ 48 ಕಿಲೋಜೌಲ್ ಆಯಿತು. ಗೇಮ್ ಆಡುವಾಗ ಕಂಪ್ಯೂಟರ್ 200 ವ್ಯಾಟ್ ಎಳೆದರೆ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಏರುತ್ತದೆ. ನೀವು ಅರ್ಧ ಗಂಟೆ ನೋಡಿ, ಏಳೆಂಟು ಡಿಗ್ರಿ ಮಾತ್ರ ಏರಿತು, ಪ್ರಯೋಗ ಯಶಸ್ವಿ ಎಂದು ಬರೆದಿದ್ದೀರಿ. ಅದು ಎಣ್ಣೆ ಬಿಸಿಯನ್ನು ಹೊರಗೆ ಹಾಕಿದ್ದಲ್ಲ, ಸುಮ್ನೆ ನುಂಗಿಕೊಂಡದ್ದು. ಅಕ್ಕಿ ಮೂಟೆ ಕೊಟ್ಟಿಗೆಗೆ ಸೇರಿದ ಮಾತ್ರಕ್ಕೆ ಮಾರಾಟ ಆಯಿತು ಅನ್ನಲಾಗುತ್ತದೆಯೇ?

ರಾತ್ರಿಯಿಡೀ ಬಿಟ್ಟು ನೋಡಬೇಕಿತ್ತು. ಗಾಜಿನ ಮೂಲಕ, ಮೇಲ್ಮೈಯಿಂದ ಎಷ್ಟು ಹೊರಗೆ ಹೋಗುತ್ತದೋ ಅಷ್ಟೇ ಹೋಗುವುದು. ಅಷ್ಟು ಚಿಕ್ಕ ತೊಟ್ಟಿಯಿಂದ 200 ವ್ಯಾಟ್ ಹೊರಬೀಳಬೇಕಾದರೆ ಎಣ್ಣೆ ಕೋಣೆಗಿಂತ 30 ಡಿಗ್ರಿಯಾದರೂ ಜಾಸ್ತಿ ಬಿಸಿ ಇರಬೇಕಾಗುತ್ತದೆ ಎಂಬುದು ನನ್ನ ಅಂದಾಜು. ಮೇ ತಿಂಗಳ ಕಾರವಾರದಲ್ಲಿ ಕೋಣೆಯೇ 32 ಇರುವಾಗ ಎಣ್ಣೆ 60 ದಾಟುತ್ತದೆ. ಅದಕ್ಕೇ ಗಂಭೀರವಾಗಿ ಮಾಡುವವರು ಪಂಪು ಹಾಕಿ ಎಣ್ಣೆಯನ್ನು ರೇಡಿಯೇಟರಿಗೆ ತಿರುಗಿಸುತ್ತಾರೆ. ಕೈಗಾ ಅಣು ವಿದ್ಯುತ್ ಸ್ಥಾವರ ನಿಮಗೆ ದೂರವೇನಲ್ಲ. ಅಲ್ಲಿ ಉಗಿಯನ್ನು ಮತ್ತೆ ನೀರಾಗಿಸುವ ಕಂಡೆನ್ಸರ್ ತಣ್ಣಗಾಗಲು ಕದ್ರಾ ಜಲಾಶಯದಷ್ಟು ನೀರು ಪಕ್ಕದಲ್ಲಿ ಇರಬೇಕಾಯಿತು. ಬಿಸಿ ಕೊನೆಗೆ ಎಲ್ಲಿಗೆ ಹೋಯಿತು ಎಂದು ಹೇಳದೆ ತಂಪು ಮಾಡುವ ಬಗ್ಗೆ ಬರೆಯಬೇಡಿ. ಕರೆಂಟ್ ಬಿಲ್ ಅರ್ಧ ಆಗುತ್ತದೆ ಅನ್ನುವುದನ್ನೂ ತೆಗೆಯಿರಿ. ಉಳಿಯುವುದು ಫ್ಯಾನಿನ ಕೆಲವು ವ್ಯಾಟ್ ಮಾತ್ರ. ಉಳಿತಾಯದ ದೊಡ್ಡ ಮಾತೆಲ್ಲ ಎಸಿ ಹಾಕಿ ಕೋಣೆಗಟ್ಟಲೆ ತಂಪು ಮಾಡುವ ಡೇಟಾ ಸೆಂಟರಿನದು.

ಇತಿಹಾಸದ ಭಾಗ ಒಂದು ಪ್ಯಾರಾ ಸಾಕು, ಅದೂ ಸರಿಯಾಗಿರಲಿ. 1985ರ ಕ್ರೇ-2 ಸೂಪರ್ ಕಂಪ್ಯೂಟರ್ ಮುಳುಗಿದ್ದು ಎಣ್ಣೆಯಲ್ಲಲ್ಲ, ಫ್ಲೋರಿನರ್ಟ್ ಎಂಬ 3ಎಂ ಕಂಪನಿಯ ದ್ರವದಲ್ಲಿ. 2021ರಲ್ಲಿ ಮೈಕ್ರೋಸಾಫ್ಟ್ ಅಮೆರಿಕದ ಕ್ವಿನ್ಸಿಯಲ್ಲಿ ಬಳಸಿದ್ದು 50 ಡಿಗ್ರಿಗೇ ಕುದಿಯುವ ದ್ರವ. ಕುದ್ದ ಆವಿ ಮೇಲೆ ಹೋಗಿ ತಣ್ಣಗಾಗಿ ಮತ್ತೆ ಹನಿಯಾಗಿ ಬೀಳುತ್ತದೆ, ತೊಟ್ಟಿ ಬಿಗಿಯಾಗಿ ಮುಚ್ಚಿರಬೇಕು. ನಿಮ್ಮ ಎಣ್ಣೆ ಕುದಿಯುವುದಿಲ್ಲ, ಅದು ಬೇರೆಯೇ ಪದ್ಧತಿ. ನೀವು ಎರಡನ್ನೂ ಕಲಸಿಬಿಟ್ಟಿದ್ದೀರಿ. ಇಂಥ ಫ್ಲೋರಿನ್ ದ್ರವಗಳ ತಯಾರಿಕೆಯನ್ನು 2025ರ ಕೊನೆಯೊಳಗೆ ನಿಲ್ಲಿಸುತ್ತೇವೆ ಎಂದು 3ಎಂ 2022ರ ಡಿಸೆಂಬರಿನಲ್ಲೇ ಹೇಳಿತ್ತು. ಇದು ತಿಳಿದರೆ ‘ನಾಳೆ ಪ್ರತಿ ಮನೆಯಲ್ಲೂ’ ಎಂಬ ನಿಮ್ಮ ಕೊನೆಯ ಪ್ಯಾರಾ ತಾನಾಗಿಯೇ ಹೋಗುತ್ತದೆ.

ಇನ್ನು ನನಗೆ ಇಷ್ಟವಾದದ್ದು. ಎಂಟನೇ ಪುಟದ ಮಧ್ಯದಲ್ಲಿ ಒಂದು ಸಾಲು ಇದೆ: ‘ನಮ್ಮ ಮನೆಯಲ್ಲಿ ಪ್ರತಿ ಮಳೆಗಾಲ ಮುಗಿದ ಮೇಲೆ ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜಬೇಕು, ಇಲ್ಲದಿದ್ದರೆ ಕಂಪ್ಯೂಟರ್ ಏಳುವುದಿಲ್ಲ.’ ಅಷ್ಟು ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಲೇಖನ ಇರುವುದೇ ಅಲ್ಲಿ. ವರ್ಷಕ್ಕೆ 3000 ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ, ಕಿಟಕಿ ತೆಗೆದರೆ ಉಪ್ಪಿನ ಗಾಳಿ ಬರುವ ಊರಲ್ಲಿ ಕಂಪ್ಯೂಟರನ್ನು ಕೊಲ್ಲುವುದು ಬಿಸಿಗಿಂತ ಹೆಚ್ಚಾಗಿ ತೇವ ಮತ್ತು ಉಪ್ಪು. ತಾಮ್ರದ ಮೇಲೆ ಹಸಿರು ಕಿಲುಬು ಹಿಡಿಯುತ್ತದೆ, ಸ್ಕ್ರೂ ತುಕ್ಕು ತಿನ್ನುತ್ತದೆ. ಎಣ್ಣೆಯೊಳಗೆ ಇಳಿಸಿದ ಭಾಗಕ್ಕೆ ಈ ಗಾಳಿ ತಾಗುವುದಿಲ್ಲ. ಬೆಂಗಳೂರಿನ ಹುಡುಗನಿಗೆ ಇಲ್ಲದ ಕಾರಣ ಒಂದು ನಿಮಗಿದೆ!

ಹಾಗಾದರೆ ಅದನ್ನು ಸರಿಯಾಗಿ ಪರೀಕ್ಷಿಸಿ ಬರೆಯಿರಿ. ಎಣ್ಣೆಯಿಂದ ಮೇಲೆ ಉಳಿದ ಯುಎಸ್‌ಬಿ ಪೋರ್ಟುಗಳಿಗೆ ಏನಾಯಿತು? ತೊಟ್ಟಿಗೆ ಮುಚ್ಚಳ ಇತ್ತೇ? ಎಣ್ಣೆ ನೀರಿಗಿಂತ ಹಗುರ, ಮೇಲಿಂದ ಬಿದ್ದ ನೀರಿನ ಹನಿ ತಳಕ್ಕೆ ಇಳಿದು ಕೂರುತ್ತದೆ, ಮತ್ತು ನಿಮ್ಮ ಎಸ್‌ಎಂಪಿಎಸ್ ಇರುವುದು ಸರಿಯಾಗಿ ತಳದಲ್ಲೇ. ರಸ್ತೆ ಬದಿಯ ಟ್ರಾನ್ಸ್‌ಫಾರ್ಮರ್ ನೋಡಿ. ಅದರೊಳಗೂ ಎಣ್ಣೆಯೇ, ಆದರೆ ಒಳಗೆ ಹೋಗುವ ಗಾಳಿ ಸಿಲಿಕಾ ಜೆಲ್ ತುಂಬಿದ ಸಣ್ಣ ಡಬ್ಬಿಯ ಮೂಲಕ ಹೋಗುತ್ತದೆ. ನೀಲಿ ಹರಳು ತೇವ ಹೀರಿ ಗುಲಾಬಿಯಾದರೆ ಬದಲಿಸುತ್ತಾರೆ. ಎಣ್ಣೆಯಲ್ಲಿ ಮುಳುಗಿಸುವ ವಿದ್ಯೆ ನೂರು ವರ್ಷಕ್ಕೂ ಹಳೆಯದು, ನಿಮ್ಮ ಓಣಿಯಲ್ಲೇ ಇದೆ. ಸೂಪರ್ ಕಂಪ್ಯೂಟರಿನ ಬದಲು ಲೈನ್‌ಮನ್ ಒಬ್ಬರನ್ನು ಮಾತಾಡಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಹಾಗಂತ ಟ್ರಾನ್ಸ್‌ಫಾರ್ಮರಿನ ಹಳೆ ಎಣ್ಣೆ ಕೇಳಿ ತರಬೇಡಿ, ಅದರಲ್ಲಿ ಏನೇನಿದೆಯೋ.

ನಿಮ್ಮ ಆಯಿ ‘ಕೊಬ್ಬರಿ ಎಣ್ಣೆ ಹಾಕಿದ್ದರೆ ಆಗ್ತಿರಲಿಲ್ಲವೇ’ ಅಂದದ್ದನ್ನು ತಮಾಷೆ ಅಂತ ಬಿಟ್ಟಿದ್ದೀರಿ. ತಮಾಷೆಯಲ್ಲ, ಒಳ್ಳೆಯ ಪ್ರಶ್ನೆ. ಕೊಬ್ಬರಿ ಎಣ್ಣೆಗೂ ಕರೆಂಟ್ ಹಾಯುವುದಿಲ್ಲ. ಆದರೆ 24 ಡಿಗ್ರಿಗಿಂತ ಕೆಳಗೆ ಅದು ಗಟ್ಟಿಯಾಗುತ್ತದೆ. ಇಲ್ಲಿ ಶಿರಸಿಯಲ್ಲಿ ಡಿಸೆಂಬರ್ ಬೆಳಿಗ್ಗೆ ಬಾಟಲಿಯನ್ನು ಬಿಸಿನೀರಲ್ಲಿ ಇಡದೆ ತಲೆಗೆ ಎಣ್ಣೆ ಸಿಗುವುದಿಲ್ಲ. ಫ್ಯಾನು, ಪಂಪು ಎಲ್ಲ ಅದರಲ್ಲಿ ಹೂತುಹೋಗುತ್ತವೆ. ಜೊತೆಗೆ ಅಡುಗೆಯ ಎಣ್ಣೆ ಯಾವುದೇ ಇರಲಿ, ಬಿಸಿಯಲ್ಲಿ ತಿಂಗಳುಗಟ್ಟಲೆ ಬಿಟ್ಟರೆ ಕಮಟು ಹಿಡಿಯುತ್ತದೆ. ಆಯಿಯ ಪ್ರಶ್ನೆಗೆ ಉತ್ತರ ಕೊಡುತ್ತಾ ಹೋದರೆ ಪ್ಯಾರಫಿನ್ನೇ ಯಾಕೆ ಎಂಬುದು ಓದುಗರಿಗೂ ತಿಳಿಯುತ್ತದೆ.

ಮತ್ತೆ, ಎಣ್ಣೆ ತಂತಿಯೊಳಗಿನಿಂದ ಹತ್ತಿ ಮೇಜಿಗೆ ಇಳಿದದ್ದು, ವೈರುಗಳು ಗಟ್ಟಿಯಾಗಿ ಬಾಗದಂತಾದದ್ದು, ಸ್ಟಿಕರ್ ಕಿತ್ತು ತೇಲಿದ್ದು, ತೊಟ್ಟಿಕ್ಕುವ ಬೋರ್ಡನ್ನು ನೋಡಿ ರಿಪೇರಿ ಅಂಗಡಿಯವರು ‘ಇದನ್ನು ನಾನು ಮುಟ್ಟಲ್ಲ’ ಅಂದದ್ದು. ಇದೆಲ್ಲ ಒಂದೇ ವಾಕ್ಯದಲ್ಲಿ ಮುಗಿದುಹೋಗಿದೆ. ನಾಚಿಕೆಯಿಂದಲೋ ಏನೋ. ಪೂರ್ತಿ ಬರೆಯಿರಿ, ಖರ್ಚು ಸಮೇತ. ವೈರು ಗಟ್ಟಿಯಾಗುವುದು ಪ್ಲಾಸ್ಟಿಕ್ಕನ್ನು ಮೆದುವಾಗಿಡುವ ಅಂಶವನ್ನು ಎಣ್ಣೆ ಎಳೆದುಕೊಳ್ಳುವುದರಿಂದ, ಅದನ್ನೂ ಸೇರಿಸಿ.

ಎರಡನೇ ಕರಡು 900 ಪದ ದಾಟದಿರಲಿ. ಬಿಸಿಯ ಪಟ್ಟಿಯಲ್ಲಿ ಕನಿಷ್ಠ ಹತ್ತು ಗಂಟೆಯ ಅಂಕಿ ಬೇಕು, ಪಕ್ಕದಲ್ಲಿ ಕೋಣೆಯ ಬಿಸಿಯೂ ಇರಲಿ. ನೀಲಿ ಲೈಟ್ ಹಾಕಿ ತೆಗೆದ ಫೋಟೋ ಬೇಡ. ಮೇಜಿನ ಮೇಲೆ ಎಣ್ಣೆ ಹರಿದದ್ದು ಕಾಣುವ ಫೋಟೋ ಇದ್ದರೆ ಅದನ್ನೇ ಕಳಿಸಿ.