ಹತ್ತು ವರ್ಷ ಇಟ್ಟುಕೊಳ್ಳುವ ಕಾರಾದರೆ ಲೈಟ್ ನೋಡಬೇಡಿ, ಗಾಜು ನೋಡಿ

ನೀವು ಕೇಳಿರುವುದು ಇದು: ಕೆಲವು ಕಾರುಗಳು ಇಪ್ಪತ್ತು ವರ್ಷ ಕಳೆದರೂ ಕಣ್ಣಿಗೆ ಹಿತವಾಗಿಯೇ ಇರುತ್ತವೆ, ಕೆಲವು ಐದೇ ವರ್ಷಕ್ಕೆ ಹಳೇ ಕಾಲದವು ಅನ್ನಿಸಿಬಿಡುತ್ತವೆ. ಕಾರಣ ಏನು, ಕೊಳ್ಳುವ ಮೊದಲೇ ಅದನ್ನು ಗುರುತಿಸಬಹುದಾ? ಬಹುಮಟ್ಟಿಗೆ ಗುರುತಿಸಬಹುದು.

ನಾನು ದಾವಣಗೆರೆಯಲ್ಲಿ ಟಿಂಕರಿಂಗ್, ಪೇಂಟಿಂಗ್ ಕೆಲಸ ಮಾಡುವವನು. ಡಿಸೈನ್ ಓದಿದವನಲ್ಲ. ಆದರೆ ಕಾರ್ಖಾನೆಯವರನ್ನು ಬಿಟ್ಟರೆ ಬೇರೆ ಯಾರಿಗೂ ಕಾಣದ ಸ್ಥಿತಿಯಲ್ಲಿ ಕಾರು ನಮ್ಮ ಕಣ್ಣಿಗೆ ಬೀಳುತ್ತೆ. ಫುಲ್ ಪೇಂಟಿಂಗ್‌ಗೆ ಬಂದ ಗಾಡಿಯ ಹೆಡ್‌ಲೈಟು, ಹಿಂದಿನ ಲೈಟು, ಗ್ರಿಲ್ಲು, ಕ್ರೋಮ್ ಪಟ್ಟಿ, ಬ್ಯಾಡ್ಜು ಎಲ್ಲ ಬಿಚ್ಚಿಟ್ಟು, ಪುಟ್ಟಿ ಉಜ್ಜಿ, ಮೈಗೆಲ್ಲ ಬೂದು ಪ್ರೈಮರ್ ಹೊಡೆದು ನಿಲ್ಲಿಸಿದಾಗ ಉಳಿಯುವುದು ಬರೀ ಆಕಾರ. ಆಗಲೂ ಕೆಲವು ಕಾರು ಚೆಂದವಾಗೇ ಇರುತ್ತವೆ. ಕೆಲವನ್ನು ನೋಡಿದರೆ ಇದು ಯಾವ ಗಾಡಿ ಅನ್ನುವುದೇ ಗೊತ್ತಾಗುವುದಿಲ್ಲ, ಅಷ್ಟು ಬೋಳು. ಪ್ರೈಮರ್‌ನಲ್ಲಿ ಚೆಂದ ಕಂಡ ಕಾರು ಬಾಳುತ್ತೆ ಅನ್ನುವುದು ನನ್ನ ನಂಬಿಕೆ. ಅಲಂಕಾರವೆಲ್ಲ ಕಳಚಿದ ಮೇಲೂ ಅಲ್ಲಿ ಏನೋ ಇದೆ ಅಂದರೆ, ಡಿಸೈನ್ ಮಾಡಿದವರು ತಮ್ಮ ಶ್ರಮವನ್ನು ಸರಿಯಾದ ಜಾಗದಲ್ಲಿ ಹಾಕಿದ್ದಾರೆ ಅಂತ ಅರ್ಥ.

ಮುಂದೆ ಹೋಗುವ ಮೊದಲು ಒಂದು ಮಾತು. ಅಂಬಾಸಿಡರ್ ತೋರಿಸಿ "ಇವತ್ತಿಗೂ ಏನು ಗತ್ತು ನೋಡಿ" ಅನ್ನುವವರು ಬಹಳ ಜನ. ಆ ಪ್ರೀತಿ ನನಗೂ ಇದೆ, ಆದರೆ ಅದನ್ನು ಈ ಲೆಕ್ಕಕ್ಕೆ ತರಬಾರದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್‌ನ ಆಕಾರ ಅದು. 1950ರ ದಶಕದ ಕೊನೆಗೆ ಇಲ್ಲಿಗೆ ಬಂದು 2014ರವರೆಗೆ ತಯಾರಾಯಿತು. ಮಾರುತಿ 800 ರಸ್ತೆಗೆ ಇಳಿದ 1983ರ ಹೊತ್ತಿಗೇ ಅದು ಅಜ್ಜನ ಕಾಲದ ಗಾಡಿಯಾಗಿತ್ತು. ಮೂವತ್ತು ನಲವತ್ತು ವರ್ಷ ದಾಟಿದ ಯಾವ ಕಾರಾದರೂ ವಿಂಟೇಜ್ ಅನ್ನಿಸಿಕೊಂಡು ಮುದ್ದು ಬರುತ್ತೆ. ನಿಜವಾದ ಪರೀಕ್ಷೆ ಇರುವುದು ಎಂಟರಿಂದ ಹದಿನೆಂಟು ವರ್ಷದ ನಡುವೆ. ಆಗ ಹೊಸತರ ಹೊಳಪು ಹೋಗಿರುತ್ತೆ, ನೆನಪಿನ ಬೆಲೆ ಇನ್ನೂ ಬಂದಿರುವುದಿಲ್ಲ. ನೀವು ಹತ್ತು ಹನ್ನೆರಡು ವರ್ಷ ಇಟ್ಟುಕೊಳ್ಳುವವರಾದ್ದರಿಂದ ಆ ಅವಧಿಯೇ ನಿಮಗೆ ಮುಖ್ಯ.

ಆ ಪರೀಕ್ಷೆಯಲ್ಲಿ ಪೂರ್ತಿ ಪಾಸಾದ ನಮ್ಮ ದೇಶದ ಕಾರು ಯಾವುದು ಅಂದರೆ ನಾನು ಮೊದಲು ಹೇಳುವ ಹೆಸರು ಮಾರುತಿ ಝೆನ್. 1993ರಲ್ಲಿ ಬಂತು, ಜಪಾನಿನ ಸುಝುಕಿ ಸರ್ವೋ ಮೋಡ್ ಅನ್ನುವ ಪುಟ್ಟ ಕಾರನ್ನು ಆಧಾರವಾಗಿ ಇಟ್ಟುಕೊಂಡು ಮಾಡಿದ್ದು. ಎಲ್ಲಾದರೂ ಒಳ್ಳೆಯ ಸ್ಥಿತಿಯಲ್ಲಿ ಇರುವುದು ಸಿಕ್ಕರೆ ಪಕ್ಕದಲ್ಲಿ ನಿಂತು ನೋಡಿ. ಬಾನೆಟ್ ತಗ್ಗಾಗಿದೆ. ಕಿಟಕಿಯ ಗಾಜು ದೊಡ್ಡದು, ಗಾಜಿನ ಕೆಳ ಅಂಚೂ ತಗ್ಗಿನಲ್ಲೇ ಇದೆ, ಗಾಜುಗಳ ನಡುವೆ ರೂಫ್ ಹೊರುವ ಕಂಬಗಳು ತೆಳು. ಚಕ್ರಗಳು ನಾಲ್ಕು ಮೂಲೆಗೆ ಸರಿದಿವೆ, ಮುಂದೆ ಹಿಂದೆ ಹೊರಗೆ ಚಾಚಿದ ಭಾಗ ಬಹಳ ಕಡಿಮೆ. ಮೈಮೇಲೆ ಹೆಚ್ಚಿಗೆ ಒಂದು ಗೆರೆ ಇಲ್ಲ. ಆಗ ಉಬ್ಬು ಆಕಾರದ ಕಾರುಗಳ ಫ್ಯಾಶನ್ ಪ್ರಪಂಚದ ತುಂಬ ಇತ್ತು, ಝೆನ್ ಕೂಡ ಅದೇ ಅಲೆಯಲ್ಲಿ ಹುಟ್ಟಿದ್ದು. ಆದರೂ ಅದು ಉಳಿಯಿತು, ಯಾಕೆಂದರೆ ಅಳತೆ ಸರಿಯಿತ್ತು. ಅದೇ ಝೆನ್‌ಗೆ ದುಂಡು ಲೈಟು, ಕ್ರೋಮ್ ಗ್ರಿಲ್ ಹಾಕಿ 'ಕ್ಲಾಸಿಕ್' ಅಂತ ಒಂದು ಮಾಡೆಲ್ ಬಿಟ್ಟರು. 2003ರಲ್ಲಿ ಇನ್ನೊಂದು ಫೇಸ್‌ಲಿಫ್ಟ್ ಮಾಡಿ ಮುಖ ಬದಲಿಸಿದರು. ಮೂರನ್ನೂ ಸಾಲಾಗಿ ನಿಲ್ಲಿಸಿದರೆ ಎಲ್ಲಕ್ಕಿಂತ ಮೊದಲಿನದೇ ಎಲ್ಲಕ್ಕಿಂತ ಹೊಸದಾಗಿ ಕಾಣುತ್ತೆ.

ಫೇಸ್‌ಲಿಫ್ಟ್ ವಿಷಯದಲ್ಲಿ ಇದು ಪದೇ ಪದೇ ನಡೆಯುತ್ತೆ. ಮೊದಲ ಮಾಡೆಲ್‌ನಲ್ಲಿ ಲೈಟು, ಬಂಪರು, ಬಾನೆಟ್ ಎಲ್ಲ ಒಂದೇ ಕೈಯಲ್ಲಿ, ಒಟ್ಟಿಗೆ ಬಿಡಿಸಿರುತ್ತಾರೆ. ಮೂರು ನಾಲ್ಕು ವರ್ಷ ಆದಮೇಲೆ ಡೋರು, ರೂಫ್ ಬದಲಿಸಲು ಖರ್ಚು ಜಾಸ್ತಿ ಅಂತ ಬಂಪರ್, ಗ್ರಿಲ್, ಲೈಟ್ ಮಾತ್ರ ಆ ವರ್ಷದ ಫ್ಯಾಶನ್‌ಗೆ ಬದಲಿಸುತ್ತಾರೆ. ಮೈ ಒಂದು ಕಾಲದ್ದು, ಮುಖ ಇನ್ನೊಂದು ಕಾಲದ್ದು ಆಗುತ್ತೆ. ಬಿಡದಿಯಲ್ಲಿ ತಯಾರಾದ 2005ರ ಇನ್ನೋವಾ ನೋಡಿ: ಮೂಗಿನಿಂದ ರೂಫ್‌ವರೆಗೆ ಒಂದೇ ಓಟದ ಗೆರೆ, ಮುಖ ಸಾದಾ. ಆಮೇಲಿನ ಬದಲಾವಣೆಗಳಲ್ಲಿ ಗ್ರಿಲ್ ದೊಡ್ಡದಾಗುತ್ತ ಹೋಯಿತು, ಆ ಓಟ ಕೆಟ್ಟಿತು.

ಇನ್ನು ಡೋರಿನ ಮೇಲಿನ ಗೆರೆಗಳು. ಪಾಲಿಶ್ ಮುಗಿಸಿದ ಮೇಲೆ ನಾವು ಡೋರಿನಲ್ಲಿ ಟ್ಯೂಬ್‌ಲೈಟಿನ ಪ್ರತಿಬಿಂಬ ನೋಡಿ ಕೆಲಸ ಸರಿಯಾಗಿದೆಯಾ ಅಂತ ಪರೀಕ್ಷೆ ಮಾಡುತ್ತೇವೆ. ತಲೆ ಸ್ವಲ್ಪ ಆಚೀಚೆ ಆಡಿಸಿದರೆ ಆ ಬಿಳಿ ಗೆರೆ ಡೋರಿನ ಮೇಲೆ ಜಾರುತ್ತೆ, ಎಲ್ಲಾದರೂ ತುಸು ಪುಟ್ಟಿ ಉಬ್ಬಿದ್ದರೆ ಅಲ್ಲಿ ನಡುಗುತ್ತೆ. ಝೆನ್‌ನಂಥ ಕಾರಿನಲ್ಲಿ ಆ ಬೆಳಕು ಮುಂದಿನ ಫೆಂಡರ್‌ನಿಂದ ಹಿಂದಿನ ಲೈಟಿನವರೆಗೆ ಒಂದೇ ಎಳೆಯಾಗಿ, ಮೆಲ್ಲಗೆ ಬಾಗಿ ಸಾಗುತ್ತೆ. 2011ರ ವರ್ನಾದಂಥ ಕಾರಿನಲ್ಲಿ ಹಾಗಾಗುವುದಿಲ್ಲ. ಡೋರ್ ಹ್ಯಾಂಡಲ್ ಹಾದು ಹಿಂದಕ್ಕೆ ಏರುವ ಮಡಿಕೆಯಲ್ಲಿ ಬೆಳಕು ತುಂಡಾಗುತ್ತೆ, ಕೆಳಗೆ ಮತ್ತೊಮ್ಮೆ ತುಂಡಾಗುತ್ತೆ. ಹ್ಯುಂಡೈನವರು ಆ ಶೈಲಿಗೆ 'ಫ್ಲೂಯಿಡಿಕ್ ಸ್ಕಲ್ಪ್ಚರ್' ಅಂತ ಹೆಸರಿಟ್ಟಿದ್ದರು. ಬಂದಾಗ ಊರೇ ತಿರುಗಿ ನೋಡಿತ್ತು, ನಿಜ. ಇವತ್ತು ಅದನ್ನು ನೋಡಿದ ಕೂಡಲೇ 2010ರ ದಶಕದ ಶುರು ಅಂತ ಹೇಳಿಬಿಡಬಹುದು.

ಗೆರೆಗಳಿಗೂ ಒಂದು ಕಾರಣ ಇದೆ, ಅದನ್ನು ಮರೆಯಬಾರದು. ಅಪಘಾತದ ಸುರಕ್ಷತೆಯ ನಿಯಮಗಳು ಬಿಗಿಯಾದ ಹಾಗೆ ಬಾನೆಟ್ ಎತ್ತರವಾಯಿತು, ಡೋರುಗಳು ದಪ್ಪವಾದವು, ಗಾಜು ಸಣ್ಣದಾಯಿತು. ಅಷ್ಟು ದೊಡ್ಡ ತಗಡಿನ ಹಾಳೆ ಖಾಲಿ ಬಿಟ್ಟರೆ ಗೋಡೆಯ ಹಾಗಿರುತ್ತೆ, ಅದನ್ನು ಒಡೆಯಲು ಮಡಿಕೆ ಬೇಕಾಯಿತು. ಮಡಿಕೆ ಇದ್ದರೆ ತೆಳು ತಗಡಿಗೆ ಗಟ್ಟಿತನವೂ ಬರುತ್ತೆ. ಒಂದೋ ಎರಡೋ ಇದ್ದರೆ ತೊಂದರೆ ಇಲ್ಲ. ಎಲ್ಲಿಂದಲೋ ಶುರುವಾಗಿ ಎಲ್ಲಿಗೂ ಮುಟ್ಟದೆ ನಡುವೆ ಸತ್ತುಹೋಗುವ ಗೆರೆಗಳು ಮಾತ್ರ ಬೇಗ ಬೇಸರ ತರಿಸುತ್ತವೆ. ನನ್ನ ಕಸುಬಿನ ಕಡೆಯಿಂದ ಇನ್ನೊಂದು: ಆ ಚೂಪು ಅಂಚಿನ ಮೇಲೆ ಪೆಟ್ಟು ಬಿದ್ದರೆ ಸುತ್ತಿಗೆ, ಡಾಲಿ (ತಗಡಿನ ಹಿಂದೆ ಒತ್ತಿ ಹಿಡಿಯುವ ಕಬ್ಬಿಣದ ತುಂಡು) ಹಿಡಿದು ಮೊದಲಿನಷ್ಟೇ ಚೂಪಾಗಿ ಎತ್ತುವುದು ಬಹಳ ಕಷ್ಟ. ಕೊನೆಗೆ ಪುಟ್ಟಿಯಲ್ಲೇ ಅಂಚು ಕಟ್ಟಬೇಕಾಗುತ್ತೆ, ಪಕ್ಕದ ಡೋರಿನ ಗೆರೆಗೆ ಕೂದಲೆಳೆಯಷ್ಟು ತಪ್ಪಿದರೂ ಕಣ್ಣಿಗೆ ಹೊಡೆಯುತ್ತೆ.

ಲೈಟುಗಳಂತೂ ಕಾರಿನ ಹುಟ್ಟಿದ ವರ್ಷವನ್ನೇ ಹೇಳುತ್ತವೆ, ಹಳೇ ಮದುವೆ ಫೋಟೋದಲ್ಲಿ ಬೆಲ್‌ಬಾಟಮ್ ಪ್ಯಾಂಟು ನೋಡಿ ಕಾಲ ಊಹಿಸಿದ ಹಾಗೆ. 1998ರಲ್ಲಿ ಟೊಯೋಟಾದ ಆಲ್ಟೆಝಾ ಅನ್ನುವ ಕಾರು ಪಾರದರ್ಶಕ ಗಾಜಿನ ಒಳಗೆ ಕೆಂಪು ಬಲ್ಬಿನ ಗುಂಡು ಕಾಣುವಂಥ ಹಿಂದಿನ ಲೈಟು ತಂದಿತು. ಮುಂದೆ ಅಂಥವು ಆಕ್ಸೆಸರಿ ಅಂಗಡಿಗಳಲ್ಲೆಲ್ಲ ಬಂದವು. ಇವತ್ತು ಅದನ್ನು ಹಾಕಿಸಿದ ಗಾಡಿ ನೋಡಿದರೆ ಅಯ್ಯೋ ಅನ್ನಿಸುತ್ತೆ. 2019ರ ಆಸುಪಾಸಿನಲ್ಲಿ ಹೆಡ್‌ಲೈಟನ್ನು ಬಂಪರ್‌ಗೆ ಇಳಿಸಿ, ಮೇಲೆ ತೆಳುವಾದ ಎಲ್‌ಇಡಿ ಗೆರೆ ಬಿಡುವ ರೂಢಿ ಬಂತು: ಹ್ಯಾರಿಯರ್, ವೆನ್ಯೂ, ಹೆಕ್ಟರ್ ಎಲ್ಲ ಅದೇ ವರ್ಷದವು. 2023, 24ಕ್ಕೆ ಬಂದರೆ ಈ ತುದಿಯಿಂದ ಆ ತುದಿಗೆ ಎಳೆದ ಎಲ್‌ಇಡಿ ಪಟ್ಟಿ: ನೆಕ್ಸಾನ್, ಸೆಲ್ಟೋಸ್, ಕ್ರೆಟಾ. ಇನ್ನು ಹತ್ತು ವರ್ಷಕ್ಕೆ ಆ ಪಟ್ಟಿ ನೋಡಿದವರೆಲ್ಲ "ಓ, ಆ ಕಾಲದ್ದು" ಅನ್ನುತ್ತಾರೆ. ಇದರ ಜತೆ ವಸ್ತುವಿನ ಸಮಸ್ಯೆ ಬೇರೆ. ಮೊದಲು ಹೆಡ್‌ಲೈಟಿನ ಮುಂಭಾಗ ಗಾಜಿನದಾಗಿತ್ತು, ಈಗ ಪಾಲಿಕಾರ್ಬೊನೇಟ್. ಬಿಸಿಲಿಗೆ ಅದರ ಮೇಲಿನ ಲೇಪ ಹೋದರೆ ಹಳದಿಯಾಗಿ ಮಂಕು ಹಿಡಿಯುತ್ತೆ. ಉಜ್ಜಿ ಪಾಲಿಶ್ ಮಾಡಿಕೊಡುತ್ತೇವೆ, ಆದರೆ ಲೇಪ ಮತ್ತೆ ಹಾಕದಿದ್ದರೆ ಮತ್ತೆ ಹಳದಿ. ದೊಡ್ಡ ಲೈಟಿದ್ದಷ್ಟೂ ಕಾರು ಮುದಿಯಾಗಿ ಕಾಣುವುದು ಜಾಸ್ತಿ.

ಅಲಂಕಾರದ ಕಥೆಯೇನೂ ಹೊಸದಲ್ಲ. ಅಮೆರಿಕದ ಕ್ಯಾಡಿಲಾಕ್ 1948ರಲ್ಲಿ ಪಿ-38 ಅನ್ನುವ ಯುದ್ಧವಿಮಾನದ ಬಾಲ ನೋಡಿ ಕಾರಿನ ಹಿಂದೆ ಪುಟ್ಟ ರೆಕ್ಕೆ ಇಟ್ಟಿತು. ಒಬ್ಬರನ್ನು ನೋಡಿ ಒಬ್ಬರು ಎತ್ತರಿಸುತ್ತ ಹೋಗಿ 1959ಕ್ಕೆ ಅದು ತುತ್ತತುದಿ ಮುಟ್ಟಿತು. 1960ರ ದಶಕದ ನಡುವೆ ಪೂರ್ತಿ ಮಾಯ. ನಮ್ಮ ಪ್ರೀಮಿಯರ್ ಪದ್ಮಿನಿಯ ಹಿಂಬದಿ ಗಮನಿಸಿದ್ದೀರಾ? ಅದಕ್ಕೂ ಅದೇ ಕಾಲದ ರೆಕ್ಕೆ ಇದೆ. ಆದರೆ ಅದರ ಮೂಲ ಆಕಾರ ಬಿಡಿಸಿದ ಇಟಲಿಯ ಫಿಯೆಟ್‌ನವರು ಅದನ್ನು ಮೈಗೆರೆಯ ಮುಂದುವರಿಕೆಯಾಗಿ ಮಾತ್ರ, ಒಂದಿಷ್ಟೇ ಇಷ್ಟು ಎಬ್ಬಿಸಿದರು. ಹಾಗಾಗಿ ಅದು ಕಾಲು ಶತಮಾನಕ್ಕೂ ಹೆಚ್ಚು ಕಾಲ ನಮ್ಮ ರಸ್ತೆಯಲ್ಲಿ ಮರ್ಯಾದೆಯಿಂದಲೇ ಓಡಿತು.

ಈಗ ಅಳತೆಯ ಮಾತು. ಕಾರು ಬಿಡಿಸುವವರು ಚಕ್ರವನ್ನೇ ಅಳತೆಗೋಲು ಮಾಡಿಕೊಳ್ಳುತ್ತಾರೆ. ಮುಂದಿನ ಹಿಂದಿನ ಚಕ್ರಗಳ ನಡುವೆ ಸುಮಾರು ಮೂರು ಚಕ್ರ ಹಿಡಿಯಬೇಕು, ಕಾರಿನ ಎತ್ತರ ಎರಡು ಚಕ್ರದ ಆಸುಪಾಸಿನಲ್ಲಿರಬೇಕು ಅನ್ನುವುದು ಹಳೆಯ ಲೆಕ್ಕ. ಎಲ್ಲ ಕಾರಿಗೂ ಇದು ಹೊಂದುವುದಿಲ್ಲ, ಆದರೆ ಬಹಳ ದೂರ ಹೋದರೆ ಕಣ್ಣಿಗೆ ಏನೋ ಇರಿಸುಮುರಿಸು. ನಮ್ಮ ದೇಶದಲ್ಲಿ ಈ ಅಳತೆಯನ್ನು ಕೆಡಿಸಿದ್ದು ತೆರಿಗೆ. 2006ರ ಬಜೆಟ್‌ನಲ್ಲಿ 4 ಮೀಟರಿಗಿಂತ ಕಡಿಮೆ ಉದ್ದದ, ಸಣ್ಣ ಇಂಜಿನ್‌ನ ಕಾರುಗಳಿಗೆ ಅಬಕಾರಿ ಸುಂಕ ಶೇ. 24ರಿಂದ 16ಕ್ಕೆ ಇಳಿಯಿತು. ಕಂಪನಿಗಳು ಸೆಡಾನ್‌ನ, ಅಂದರೆ ಹಿಂದೆ ಡಿಕ್ಕಿ ಹೊರಚಾಚಿದ ಕಾರಿನ, ಡಿಕ್ಕಿ ಕತ್ತರಿಸಲು ಶುರುಮಾಡಿದವು. 2008ರ ಇಂಡಿಗೋ ಸಿಎಸ್ ಹಾಗೆ ಬಂದದ್ದು. 2008ರಲ್ಲಿ 4160 ಮಿ.ಮೀ. ಇದ್ದ ಸ್ವಿಫ್ಟ್ ಡಿಝೈರ್ 2012ಕ್ಕೆ 3995 ಆಯಿತು. ಪಕ್ಕದಿಂದ ನೋಡಿದರೆ ಹಿಂದಿನ ಡೋರು ಮುಗಿದ ಕೂಡಲೇ ಡಿಕ್ಕಿಯೂ ಮುಗಿದುಹೋಗುತ್ತೆ. ಉಪಯೋಗಕ್ಕೆ, ಬೆಲೆಗೆ ಒಳ್ಳೆಯ ಕಾರುಗಳೇ, ಅದರಲ್ಲಿ ಎರಡು ಮಾತಿಲ್ಲ. ರೂಪದಲ್ಲಿ ಮಾತ್ರ ಅವು ಹೊಸದಾಗಿದ್ದಾಗಲೂ ಹೊಂದಿಕೊಂಡಿರಲಿಲ್ಲ, ಹಳತಾದ ಮೇಲೆ ಹೊಂದುವುದೂ ಇಲ್ಲ. ಡಿಝೈರ್‌ಗೆ ಮೂಲವಾದ, ಹೊರಚಾಚಿದ ಡಿಕ್ಕಿ ಇಲ್ಲದ 2005ರ ಮೊದಲ ಸ್ವಿಫ್ಟ್ ಹ್ಯಾಚ್‌ಬ್ಯಾಕ್ ಇವತ್ತಿಗೂ ಎಷ್ಟು ಗಟ್ಟಿಯಾಗಿ, ಅಗಲವಾಗಿ ಕೂತ ಹಾಗಿದೆ ನೋಡಿ. ಡಿಕ್ಕಿ ಸೇರಿಸಿದ್ದಕ್ಕೇ ಇಷ್ಟು ವ್ಯತ್ಯಾಸ.

ಗಾಜಿನ ಬಗ್ಗೆ ಹೇಳಲು ಟಾಟಾ ಸಿಯೆರಾ ಬಿಟ್ಟು ಬೇರೆ ಉದಾಹರಣೆ ಬೇಡ. 1991ರಲ್ಲಿ ಬಂದ ಮೂರು ಡೋರಿನ ಗಾಡಿ. ಒಳಗೆ ಪಿಕಪ್‌ನ ಮೂಲವೇ, ಓಡಿಸಲು ಭಾರ. ಹಿಂದಿನ ಸೀಟಿನ ಪಕ್ಕದ ಗಾಜು ಮಾತ್ರ ಡೋರಿನ ಎತ್ತರದಲ್ಲಿ ಶುರುವಾಗಿ ಬಾಗಿ ರೂಫ್‌ಗೆ ಹತ್ತುತ್ತಿತ್ತು. ಆ ಕಿಟಕಿ ತೆರೆಯುತ್ತಿರಲಿಲ್ಲ, ಹಿಂದೆ ಕೂತವರಿಗೆ ಸೆಖೆ. ಆದರೂ ಆ ಒಂದು ಗಾಜಿನ ಆಕಾರ ಜನರ ಮನಸ್ಸಿನಲ್ಲಿ ಎಷ್ಟು ಗಟ್ಟಿಯಾಗಿ ಉಳಿಯಿತೆಂದರೆ, 2020ರ ಆಟೋ ಎಕ್ಸ್‌ಪೋದಲ್ಲಿ ಟಾಟಾದವರು ಹೆಸರಿನ ಜತೆ ಆ ಕಿಟಕಿಯ ರೂಪವನ್ನೂ ವಾಪಸ್ ತಂದರು, 2025ರ ಕೊನೆಗೆ ಹೊಸ ಸಿಯೆರಾ ಮಾರಾಟಕ್ಕೂ ಬಂತು. ಹಳೆಯದರ ಗ್ರಿಲ್ ಹೇಗಿತ್ತು ಅಂತ ಕೇಳಿದರೆ ಹೇಳುವವರು ಕಡಿಮೆ, ಕಿಟಕಿ ಎಲ್ಲರಿಗೂ ನೆನಪಿದೆ.

ಬಾಳಿಕೆಯನ್ನೇ ಗುರಿಯಾಗಿ ಇಟ್ಟುಕೊಂಡು ಕೆಲಸ ಮಾಡಿದವರೂ ಇದ್ದಾರೆ. 1975ರಿಂದ 1999ರವರೆಗೆ ಮರ್ಸಿಡಿಸ್‌ನ ಡಿಸೈನ್ ಮುಖ್ಯಸ್ಥರಾಗಿದ್ದ ಬ್ರೂನೋ ಸಾಕೋ ಅವರ ತತ್ವವೇ, ಹೊಸ ಮಾಡೆಲ್ ಬಂದಾಗ ಹಳೆಯದು ಹಳತಾಗಿ ಕಾಣಬಾರದು ಅನ್ನುವುದು. ಅವರ ಕಾಲದ 1984ರ ಡಬ್ಲ್ಯೂ124 ಅನ್ನುವ ಮಾಡೆಲ್ ನಮ್ಮ ಪುಣೆಯಲ್ಲೂ 1995ರಿಂದ ತಯಾರಾಯಿತು. ಅದರ ಮೈಮೇಲೆ ಕಾರಣವಿಲ್ಲದ ಒಂದು ತಿರುವೂ ಸಿಗುವುದಿಲ್ಲ. ಇಟಲಿಯ ಜೊರ್ಜೆಟ್ಟೊ ಜುಜಾರೊ ಅವರ ಕೈಯೂ ಅಂಥದ್ದೇ: 1974ರ ಗಾಲ್ಫ್, ನಮ್ಮಲ್ಲಿಗೂ ಬಂದ ಫಿಯೆಟ್ ಯುನೊ, ಡೇವೂ ಮಟೀಝ್, ಗ್ರಾಂಡೆ ಪುಂಟೊ. ಪುಂಟೊ ಇಲ್ಲಿ ಮಾರಾಟದಲ್ಲಿ ಸೋತಿತು, ನನಗೆ ಇವತ್ತಿಗೂ ಬೇಸರ. ಶೆಡ್ಡಿಗೆ ಒಂದು ಬಂದರೆ ಕೆಲಸದ ಹುಡುಗರನ್ನು ಕರೆದು ಅದರ ಹಿಂಭಾಗ ತೋರಿಸುತ್ತೇನೆ.

ಒಳಗಿನ ಡ್ಯಾಶ್‌ಬೋರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸ್ಕ್ರೀನ್ ಎಷ್ಟು ದೊಡ್ಡದೋ ಅಷ್ಟು ಬೇಗ ಹಳತು, ಯಾಕೆಂದರೆ ನಮ್ಮ ಕೈಯಲ್ಲಿರುವ ಫೋನು ವರ್ಷ ವರ್ಷ ಮುಂದೆ ಹೋಗುತ್ತೆ. ಎಸಿ, ವಾಲ್ಯೂಮ್‌ಗೆ ತಿರುಗಿಸುವ ಗುಬುಟು ಇರುವ ಕಾರು ಸಿಕ್ಕರೆ ಅದೇ ಒಳ್ಳೆಯದು.

ಈಗಿನ ಕಾರುಗಳಲ್ಲಿ ಯಾವುದು ಬಾಳುತ್ತೆ ಅಂತ ನೀವು ಕೇಳಿಯೇ ಕೇಳುತ್ತೀರಿ. ಜಿಮ್ನಿ ಅಂತ ಧೈರ್ಯವಾಗಿ ಹೇಳುತ್ತೇನೆ: ನೆಟ್ಟಗಿನ ಗಾಜು, ದುಂಡು ಲೈಟು, 1985ರ ಜಿಪ್ಸಿಯ ಅದೇ ವಂಶ. ಬೇರೆ ಯಾವುದನ್ನಾದರೂ ನೋಡುತ್ತಿದ್ದರೆ ಶೋರೂಂನಲ್ಲಿ ದೀಪದ ಕೆಳಗೆ ನಿಲ್ಲಿಸಿದ ಟಾಪ್ ಮಾಡೆಲ್ ನೋಡಿ ತೀರ್ಮಾನ ಮಾಡಬೇಡಿ. ಅದೇ ಕಾರಿನ ಬೇಸ್ ಮಾಡೆಲ್, ಬಿಳಿ ಬಣ್ಣದ್ದು, ಅಲಾಯ್ ಚಕ್ರ ಇಲ್ಲದ್ದು, ಟ್ಯಾಕ್ಸಿಯಾಗಿಯೋ ಆಫೀಸ್ ಗಾಡಿಯಾಗಿಯೋ ರಸ್ತೆಯಲ್ಲಿ ಸಿಗುತ್ತೆ. ಇಪ್ಪತ್ತು ಹೆಜ್ಜೆ ದೂರದಲ್ಲಿ, ಪಕ್ಕದಿಂದ ನಿಂತು ಅದನ್ನು ನೋಡಿ. ಅದು ನಿಮಗೆ ಇಷ್ಟವಾದರೆ ಯಾವ ವೇರಿಯಂಟ್ ಬೇಕಾದರೂ ತೆಗೆದುಕೊಳ್ಳಿ.