ನೈಜೀರಿಯಾ, ಘಾನಾದ ಹೈಸ್ಕೂಲ್ ಪರೀಕ್ಷೆಗೆ ಆಫ್ರಿಕನ್ ಸಾಹಿತ್ಯ ಮಾತ್ರ ಓದಿದರೆ ಸಾಕಾ?

ಸಾಲದು, ಆಫ್ರಿಕನ್, ಆಫ್ರಿಕನ್ ಅಲ್ಲದ್ದು ಎರಡೂ ಓದಲೇಬೇಕು. ಪಶ್ಚಿಮ ಆಫ್ರಿಕಾ ಪರೀಕ್ಷಾ ಮಂಡಳಿಯ ಇಂಗ್ಲಿಷ್ ಸಾಹಿತ್ಯ ಪರೀಕ್ಷೆಯಲ್ಲಿ ಕಾದಂಬರಿ, ನಾಟಕ, ಕವಿತೆ ಮೂರಕ್ಕೂ ಆಫ್ರಿಕನ್, ಆಫ್ರಿಕನ್ ಅಲ್ಲದ್ದು ಅಂತ ಎರಡೆರಡು ಭಾಗ ಇರುತ್ತವೆ, ಪ್ರತಿ ಭಾಗದಿಂದಲೂ ಒಂದು ಪ್ರಬಂಧ ಬರೆಯಬೇಕು. ಒಟ್ಟು 6. ಒಂದು ಕಡೆ ಬಿಟ್ಟರೆ ಪ್ರಬಂಧಗಳ ಒಟ್ಟು ಅಂಕದಲ್ಲಿ ಅರ್ಧ ಹೋಯಿತು, ಇನ್ನೊಂದು ಕಡೆ ಎಷ್ಟೇ ಚೆನ್ನಾಗಿ ಬರೆದರೂ ಅದು ತುಂಬುವುದಿಲ್ಲ. ಶೇಕ್ಸ್‌ಪಿಯರ್ ನಾಟಕದ ಸಾಲುಗಳನ್ನು ಕೊಟ್ಟು ಕೇಳುವುದು ಬಹು ಆಯ್ಕೆಯ ಪತ್ರಿಕೆಯಲ್ಲಿ, ಅಲ್ಲಿ ಸುಮ್ನೆ ಕಥೆ ಗೊತ್ತಿದ್ದರೆ ಸಾಲದು, ಯಾರು ಯಾರಿಗೆ ಹೇಳಿದ್ದು ಅನ್ನೋದೂ ನೆನಪಿರಬೇಕು. ಇನ್ನೊಂದು ಮಾತು, ಪಠ್ಯಗಳು ಸಾಮಾನ್ಯವಾಗಿ 5 ವರ್ಷಕ್ಕೊಮ್ಮೆ ಬದಲಾಗುತ್ತವೆ. ಅಣ್ಣ ಅಕ್ಕನ ಹಳೇ ನೋಟ್ಸ್ ನಂಬುವ ಮುಂಚೆ ಈಗಿನ ಪಟ್ಟಿ ನೋಡಿಕೊಳ್ಳಿ.