ಬೇಟೆ ರೈಫಲ್‌ಗೆ ಎಂತಹ ಅಪರ್ಚರ್ ಸೈಟ್?

ಪ್ರಶ್ನೆ: ನನ್ನ ಬೇಟೆ ರೈಫಲ್‌ನ ನಳಿಗೆಯ ಮೇಲಿರುವ ಹಿಂದಿನ ಸೈಟ್ (ಗುರಿ ಹಿಡಿಯುವ ಸಾಧನ) ತೆಗೆದು, ನಳಿಗೆಯ ಹಿಂದಿನ ಯಂತ್ರಭಾಗವಾದ ರಿಸೀವರ್ ಮೇಲೆ ಅಪರ್ಚರ್ ಸೈಟ್ (ಚಿಕ್ಕ ರಂಧ್ರದ ಮೂಲಕ ನೋಡಿ ಗುರಿ ಹಿಡಿಯುವಂತಹುದು) ಕೂರಿಸಬೇಕೆಂದಿದ್ದೇನೆ. ಎಂತಹುದನ್ನು ಆರಿಸಲಿ?

ಉತ್ತರ: ರಂಧ್ರದ ಬಿಲ್ಲೆಯನ್ನು ಬಿಚ್ಚಿ ಬದಲಿಸಲು ಬರುವಂತಹುದನ್ನೇ ಆರಿಸಿ. ಚಿಕ್ಕ ರಂಧ್ರದಲ್ಲಿ ಮುಂದಿನ ಸೈಟ್ ಸ್ಪಷ್ಟವಾಗಿ ಕಂಡರೂ ಮುಂಜಾವಿನ ಮಬ್ಬಿನಲ್ಲಿ ಪ್ರಾಣಿಯೇ ಕಾಣಿಸದೆ ಹೋಗಬಹುದು. ದೊಡ್ಡ ರಂಧ್ರದ ಅಂಚು ಮಸುಕಾಗಿ ಕಂಡರೂ, ಕಣ್ಣು ತಾನಾಗಿಯೇ ಮುಂದಿನ ಸೈಟನ್ನು ನಡುವಿಗೆ ತಂದುಕೊಳ್ಳುವುದರಿಂದ ಬೇಟೆಗೆ ಅದೇ ಲೇಸೆಂಬುದು ನನ್ನ ಅಭಿಪ್ರಾಯ. ರಿಸೀವರ್ ಕಣ್ಣಿಗೆ ಹತ್ತಿರವಿರುವುದರಿಂದ ಹಿಂದಿನ ಮತ್ತು ಮುಂದಿನ ಸೈಟ್‌ಗಳ ನಡುವಿನ ಅಂತರ ಹೆಚ್ಚುವುದೂ ಲಾಭವೇ: 500 ಮಿ.ಮೀ. ಅಂತರವಿದ್ದಾಗ ಸೈಟ್‌ಗಳನ್ನು ಹೊಂದಿಸುವಲ್ಲಿನ 0.1 ಮಿ.ಮೀ. ತಪ್ಪು 100 ಮೀಟರ್ ದೂರದಲ್ಲಿ 20 ಮಿ.ಮೀ. ಆಗುವುದಾದರೆ, 700 ಮಿ.ಮೀ. ಅಂತರದಲ್ಲಿ ಅದು ಸುಮಾರು 14 ಮಿ.ಮೀ. ಮಾತ್ರ. ರಿಸೀವರ್‌ನಲ್ಲಿ ತಿರುಪಿನ ತೂತುಗಳಿವೆಯೇ ಎಂದು ಮೊದಲೇ ನೋಡಿಕೊಳ್ಳಿ. ಹೊಸ ಸೈಟ್ ಎತ್ತರದಲ್ಲಿ ಕೂತರೆ ಮುಂದಿನ ಸೈಟನ್ನೂ ಎತ್ತರದ್ದಕ್ಕೆ ಬದಲಿಸಬೇಕಾದೀತು.